ಸದ್ದು ನಿಂತ ಮೇಲೂ ಓಡಿದ ಕಾರು

ಭಾನುವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಬಿಸಿಲು ಡಾಂಬರಿನ ಮೇಲೆ ಪೂರ್ತಿ ಬಿತ್ತು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಓಟದ ಗಡಿಯಾರ ನನ್ನ ಕೈಯಲ್ಲೇ ಇತ್ತು. ಆ ಹೊತ್ತಿಗೆ ನಮ್ಮವರು, ಅಂದರೆ ನನ್ನ ಗಂಡ, ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ರಿಮೋಟ್ ಕಾರನ್ನು ಬೋರಲು ಹಾಕಿಕೊಂಡು, ಮುಂದಿನ ಓಟಕ್ಕೆ ಟೈರು ಬದಲಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದರು. ಅವರ ಗೆಳೆಯ ಡಾಕ್ಟರು ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದರು.

"ಬಿಸಿಲು ಬಂತು ಮಗಾ. ಗಟ್ಟಿ ಟೈರ್ ಹಾಕು."

"ಇನ್ನೊಂದು ರೇಸ್ ತಡೀತವೆ ಬಿಡು."

"ತಡೀತವೆ, ತಡೀತವೆ. ಕಿತ್ಕೊಂಡ್ರೆ ಅಂಟಿಸೋಕೆ ನನ್ನ ಹತ್ರ ತರಬೇಡ ಅಷ್ಟೆ."

ನಮ್ಮವರು ನಕ್ಕರು. ಮೆತ್ತನೆ ಟೈರುಗಳನ್ನು ಹಾಗೇ ಬಿಟ್ಟು, ಮೋಟಾರಿನ ತುದಿಯಲ್ಲಿರುವ ಚಿಕ್ಕ ಗಿಯರನ್ನು ಬಿಚ್ಚಿ, ಅದಕ್ಕಿಂತ ಎರಡು ಹಲ್ಲು ಹೆಚ್ಚಿರುವುದನ್ನು ಹಾಕಿದರು. ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ಹೋಗಿ ನಿಲ್ಲುವುದು ಅಲ್ಲಿ. ಕೈಯಲ್ಲಿ ಸಣ್ಣ ಸ್ಪ್ಯಾನರ್, ಪಕ್ಕದಲ್ಲಿ ಮುಚ್ಚಳ ತೆಗೆದ ಡಬ್ಬಿ, ಡಬ್ಬಿಯೊಳಗೆ ಮುಟ್ಟದೆ ಉಳಿದ ಗಟ್ಟಿ ಟೈರುಗಳು.

ಎರಡು ಸಾವಿರದ ಆಚೀಚೆಯ ವರ್ಷಗಳ ಮಾತು ಇದು. ಬನಶಂಕರಿ ಆರನೇ ಹಂತದಲ್ಲಿ ಆಗ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಸೈಟುಗಳ ಮೂಲೆಗೆ ನೆಟ್ಟ ಕಲ್ಲುಗಳು, ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಗಿಡ, ಅದರ ಮಧ್ಯೆ ಯಾರೂ ಓಡಾಡದ ನುಣ್ಣನೆ ಡಾಂಬರು. ರಿಮೋಟ್ ಕಾರು ಓಡಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು? ನಮ್ಮವರು, ಡಾಕ್ಟರು, ಮತ್ತೆ ಅವರಂಥದೇ ಹುಚ್ಚು ಹಿಡಿದ ಏಳೆಂಟು ಜನ ಪ್ರತಿ ಭಾನುವಾರ ಅಲ್ಲಿ ಸೇರುತ್ತಿದ್ದರು. ಮರಳಿನ ಚೀಲ ಮತ್ತು ಹಳೆ ನೀರಿನ ಪೈಪುಗಳನ್ನು ಇಟ್ಟು ತಿರುವುಗಳನ್ನು ಮಾಡುತ್ತಿದ್ದರು. ಕಾರು ಒಂದು ಮೊಳ ಉದ್ದ. ನೋಡಿದವರು ಮಕ್ಕಳ ಆಟಿಕೆ ಎನ್ನುತ್ತಿದ್ದರು. ಅದು ನೇರ ರಸ್ತೆಯಲ್ಲಿ ಸ್ಕೂಟರನ್ನು ಹಿಂದೆ ಹಾಕುವುದನ್ನು ಕಂಡ ಮೇಲೆ ಹಾಗೆ ಅನ್ನುತ್ತಿರಲಿಲ್ಲ.

ನಾನು ಜಯನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಣಿತದವಳು ಎಂಬ ಒಂದೇ ಅರ್ಹತೆಯ ಮೇಲೆ ಸುತ್ತು ಎಣಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬೊಬ್ಬರಿಗೆ ಒಂದೊಂದು ಕಾರು. ಓಟ ಮುಗಿಯುವವರೆಗೆ ಎಣಿಸುವವರು ತಮ್ಮ ಕಾರಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಪಕ್ಕದಲ್ಲಿ ಹಾವು ಬಂದರೂ ತೆಗೆಯಬಾರದು ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು. ಸದಾ ನಮ್ಮವರ ಕಾರೇ ನನಗೆ. ಹೆಂಡತಿ ಸುಳ್ಳು ಸುತ್ತು ಎಣಿಸುತ್ತಾಳೆಂದು ಯಾರೂ ಅನುಮಾನಪಡಲಿಲ್ಲ. ಮೇಷ್ಟರ ಮೇಲೆ ಅಷ್ಟು ನಂಬಿಕೆ.

ಡಾಕ್ಟರು ಹಲ್ಲಿನ ಡಾಕ್ಟರು. ಯಡಿಯೂರು ಕೆರೆಯ ಹತ್ತಿರ ಅವರ ಕ್ಲಿನಿಕ್. ನಮ್ಮವರಿಗೆ ಪಿಯುಸಿಯಿಂದ ಗೆಳೆಯರು, ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಮ್ಮ ಗುಂಪಿನಲ್ಲಿ ಎಲ್ಲರ ಟೈರುಗಳನ್ನೂ ಅಂಟಿಸುತ್ತಿದ್ದವರು ಅವರೇ. ಈ ಕಾರುಗಳ ಟೈರಿಗೆ ಗಾಳಿ ತುಂಬುವುದಿಲ್ಲ. ಒಳಗೆ ಸ್ಪಂಜಿನ ಬಳೆ ಇಟ್ಟು, ರಬ್ಬರಿನ ಅಂಚನ್ನು ಪ್ಲಾಸ್ಟಿಕ್ ರಿಮ್ಮಿಗೆ ಅಂಟಿಸಬೇಕು. ಅಂಟು ಒಂದು ಹನಿ ಹೆಚ್ಚಾದರೆ ಟೈರಿನ ಮೈಮೇಲೆ ಹರಿದು ಗಟ್ಟಿಯಾಗುತ್ತದೆ, ಕಡಿಮೆಯಾದರೆ ಓಟದಲ್ಲಿ ಕಳಚುತ್ತದೆ. ಶನಿವಾರ ಸಂಜೆ ಕೊನೆಯ ರೋಗಿ ಎದ್ದುಹೋದ ಮೇಲೆ ಡಾಕ್ಟರು ಆ ದೊಡ್ಡ ಕುರ್ಚಿಯ ದೀಪವನ್ನು ಕೆಳಗಿಳಿಸಿ, ಹಲ್ಲಿನ ಸಂದಿಗೆ ಔಷಧ ಬಿಡುವ ಸೂಜಿಯಿಂದ ರಿಮ್ಮಿನ ಸುತ್ತ ಅಂಟು ಬಿಡುತ್ತಿದ್ದರು. ನಾವೆಲ್ಲ ರೋಗಿಗಳ ಬೆಂಚಿನ ಮೇಲೆ ಸಾಲಾಗಿ ಕೂತು, ನಮ್ಮ ನಮ್ಮ ಟೈರಿನ ಸರದಿಗೆ ಕಾಯುತ್ತಿದ್ದೆವು. ಅವರ ಹೆಂಡತಿ ಒಳಗಿಂದ ಬಂದು, ಹಲ್ಲು ಕೀಳಿಸಿಕೊಳ್ಳೋರೇ ಇಷ್ಟು ಶ್ರದ್ಧೆಯಿಂದ ಕೂರಲ್ಲ ಎನ್ನುತ್ತಿದ್ದಳು.

ನಮ್ಮ ಅಡುಗೆಮನೆಯೂ ಆ ಹುಚ್ಚಿನಿಂದ ತಪ್ಪಿಸಿಕೊಂಡಿರಲಿಲ್ಲ. ಟೈರು ರಸ್ತೆಗೆ ಚೆನ್ನಾಗಿ ಕಚ್ಚಲಿ ಎಂದು ಅದಕ್ಕೆ ಒಂದು ಎಣ್ಣೆ ಒರೆಸಿ ಮೆತ್ತಗೆ ಮಾಡುತ್ತಿದ್ದರು. ಮೈಕೈ ನೋವಿಗೆ ತಿಕ್ಕುವ ಎಣ್ಣೆಯದೇ ವಾಸನೆ. ಶನಿವಾರ ನಮ್ಮ ಮನೆಗೆ ಬಂದವರು, ಯಾರಿಗೆ ಉಳುಕಿದೆ ಎಂದು ಕೇಳುತ್ತಿದ್ದರು.

ಟೈರಿನಲ್ಲಿ ಮೆತ್ತನೆಯವು, ಗಟ್ಟಿಯವು ಎಂದು ನಾಲ್ಕೈದು ಬಗೆ. ಬೆಳಗಿನ ತಂಪಿಗೆ ಮೆತ್ತನೆಯವು, ಬಿಸಿಲೇರಿದ ಮೇಲೆ ಗಟ್ಟಿಯವು. ಮೆತ್ತನೆಯವು ಕಾದ ಡಾಂಬರಿನ ಮೇಲೆ ವಿಪರೀತ ಕಚ್ಚುತ್ತವೆ, ಕಾಯುತ್ತವೆ, ಉಬ್ಬುತ್ತವೆ. ಗಿಯರಿನ ಲೆಕ್ಕವೂ ಹೀಗೇ ಕೊಡು-ಕೊಳ್ಳುವಿಕೆಯದು. ಮೋಟಾರಿನ ಗಿಯರು ದೊಡ್ಡದಾದಷ್ಟೂ ನೇರದಲ್ಲಿ ವೇಗ ಹೆಚ್ಚು, ಆದರೆ ಮೋಟಾರು ಬೇಗ ಕಾಯುತ್ತದೆ. ಓಟ ಮುಗಿದ ಕೂಡಲೇ ಮೋಟಾರಿನ ಮೇಲೆ ಬೆರಳಿಟ್ಟು ಮೂರು ಎಣಿಸುವಷ್ಟು ಹೊತ್ತು ತಡೆದುಕೊಳ್ಳಲಾದರೆ ಗಿಯರು ಸರಿಯಿದೆ ಎಂದು ಅರ್ಥ. ನಮ್ಮವರ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು.

ಇನ್ನು ಉಳಿದದ್ದು ಎತ್ತುವವರ ವಿಷಯ. ಅದನ್ನು ಬಿಡಿಸಿ ಹೇಳದಿದ್ದರೆ ಆ ದಿನ ನಡೆದದ್ದು ಅರ್ಥವಾಗುವುದಿಲ್ಲ.

ಒಂದು ಓಟದಲ್ಲಿ ಕಾರು ಓಡಿಸಿದವರು ಮುಂದಿನ ಓಟದಲ್ಲಿ ತಿರುವುಗಳಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನೆಟ್ಟಗಿಡಬೇಕು. ಎಲ್ಲ ಊರಲ್ಲೂ ಇದೇ ಪದ್ಧತಿಯಂತೆ. ಓಡುವ ಕಾರುಗಳಿಗೆ ಬೆನ್ನು ಹಾಕಬಾರದು ಎಂಬುದೂ ಎಲ್ಲ ಊರಿನ ನಿಯಮವೇ. ನಮ್ಮಲ್ಲಿ ಅದು ಹೇಗೋ ಸವೆದುಹೋಗಿತ್ತು. ಯಾರು ಕಾರು ಎತ್ತುವುದು ತಡ ಮಾಡುತ್ತಾರೋ ಅವರು ಎಲ್ಲರಿಗೂ ಖಾರಾಬಾತ್ ಕೊಡಿಸಬೇಕು ಎಂದು ಯಾವಾಗಲೋ ಒಂದು ಜೋಕು ಹುಟ್ಟಿತ್ತು. ಜೋಕು ಕಾಯಿದೆಯಾಯಿತು. ಕಾರು ಮಗುಚಿದೊಡನೆ ಹಿಂದೆ ಮುಂದೆ ನೋಡದೆ ನುಗ್ಗುವುದು ಜಾಣತನವಾಯಿತು. ಹಿಂದಿನಿಂದ ಬರುವ ಕಾರುಗಳನ್ನು ಕಿವಿಯಲ್ಲೇ ಅಳೆಯುತ್ತೇವೆ ಎಂದು ಹಳಬರು ಜಂಬ ಪಡುತ್ತಿದ್ದರು. ಅವರಲ್ಲಿ ಡಾಕ್ಟರೇ ಮೊದಲು. ಬೆನ್ನು ತಿರುಗಿಸಿ ನಿಂತು, ಬರುತ್ತಿರುವ ಕಾರು ಯಾರದು, ಯಾವ ಗಿಯರು ಹಾಕಿದ್ದಾರೆ ಎಂದು ಮೋಟಾರಿನ ಕೀರಲಿನಿಂದಲೇ ಹೇಳುತ್ತಿದ್ದರು. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಆ ಓಟದಲ್ಲಿ ಡಾಕ್ಟರು ನೇರ ರಸ್ತೆಯ ಕೊನೆಯ ತಿರುವಿನಲ್ಲಿ ಎತ್ತಲು ನಿಂತಿದ್ದರು. ನಮ್ಮವರು ಮತ್ತು ಉಳಿದ ಚಾಲಕರು ರಿಮೋಟು ಹಿಡಿದು ಮೋರಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ. ಕಾರು ಎಂದೂ ಇಲ್ಲದ ವೇಗದಲ್ಲಿ ಹೋಗುತ್ತಿತ್ತು. ಸುತ್ತು ಮುಗಿಯುವ ಗೀಟು ದಾಟಿದಾಗಲೆಲ್ಲ ನಾನು ತುಟಿಯಲ್ಲೇ ಸಂಖ್ಯೆ ಹೇಳಿಕೊಳ್ಳುತ್ತಿದ್ದೆ. ಹದಿಮೂರು ಆಗಿತ್ತು.

ನೇರಕ್ಕೆ ಬಂದಾಗ ಮುಂದಿನ ಎಡಗಡೆಯ ಟೈರು ದಪ್ಪಗಾದಂತೆ ಕಂಡಿತು. ಬಿಸಿಲಿಗೆ ಹಾಗೆ ಕಾಣುತ್ತಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಕಾರು ಒಮ್ಮೆ ಓಲಾಡಿತು. ಅದೇ ಹೊತ್ತಿಗೆ ತಿರುವಿನಲ್ಲಿ ಬೇರೆ ಯಾರದೋ ಕಾರು ಮಗುಚಿತು. ಡಾಕ್ಟರು ನುಗ್ಗಿದರು. ಬಗ್ಗಿದರು. ನನ್ನ ಕಣ್ಣು ಕಾರಿನ ಮೇಲೇ ಇದ್ದುದರಿಂದ ಅವರ ಬಿಳಿ ಅಂಗಿಯ ಬೆನ್ನು ಕಾರಿನ ಮುಂದೆ ಬೆಳೆಯುತ್ತಾ ಬಂದಂತೆ ಕಂಡಿತು. ಕೂಗಬೇಕೆಂದು ಬಾಯಿ ತೆರೆದೆ. ಬಂದದ್ದು "ಹದಿನಾಲ್ಕು" ಎಂಬ ಮಾತು.

ಟೈರು ಕಳಚಿತು. ಬರಿಯ ರಿಮ್ಮು ಡಾಂಬರಿಗೆ ಸಿಕ್ಕಿ ಕಾರು ಪಲ್ಟಿ ಹೊಡೆದು ಎದೆಯೆತ್ತರಕ್ಕೆ ಹಾರಿತು. ಆಗ ಎದ್ದ ಸದ್ದಿಗೆ ಡಾಕ್ಟರು ಮುಖ ತಿರುಗಿಸಿದರು. ತಿರುಗಿಸದಿದ್ದರೆ ಬೆನ್ನಿಗೋ ಕಿವಿಗೋ ಬೀಳುತ್ತಿತ್ತು. ಕಾರಿನ ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ಹಿಂದಿನ ಓಟಗಳಲ್ಲಿ ಮುಂಭಾಗದಲ್ಲಿ ಸೀಳಿತ್ತು. ಸೀಳಿದ ಆ ಅಂಚು ಅವರ ಎಡಗಣ್ಣಿಗೆ ಬಡಿಯಿತು.

ಬೇರೆ ಯಾರೂ ಇದನ್ನು ಪೂರ್ತಿ ನೋಡಿರಲಿಲ್ಲ. ಚಾಲಕರು ತಮ್ಮ ತಮ್ಮ ಕಾರುಗಳನ್ನು ನೋಡುತ್ತಿದ್ದರು, ಎಣಿಸುವವರು ತಾವು ಎಣಿಸುವ ಕಾರುಗಳನ್ನು. ಅವರ ಪಾಲಿಗೆ ಡಾಕ್ಟರು ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡು ಕೂತರು, ಅಷ್ಟೆ. ಅದೇ ಕಾರನ್ನು ನೋಡುತ್ತಿದ್ದ ನಮ್ಮವರಿಗೆ ಆ ಗಳಿಗೆ ಆಮೇಲೆ ಸರಿಯಾಗಿ ನೆನಪಾಗಲೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಕಂಡು ನೆನಪಿಟ್ಟವಳು ನಾನೊಬ್ಬಳು.

ಸಾಮಾನು ಹೊತ್ತು ತಂದಿದ್ದ ನಮ್ಮ ವ್ಯಾನಿನಲ್ಲಿ ಅವರನ್ನು ಹಿಂದೆ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಒದ್ದೆ ಟವೆಲನ್ನು ಒತ್ತಬೇಡಿ, ಸುಮ್ಮನೆ ಮುಚ್ಚಿ ಎಂದು ಅವರೇ ಹೇಳಿದರು. ನಮ್ಮವರು ವ್ಯಾನು ಓಡಿಸುತ್ತಿದ್ದರು. ಕದಿರೇನಹಳ್ಳಿಯ ಹತ್ತಿರ ಬಸ್ಸೊಂದು ಅಡ್ಡ ನಿಂತು ಎಲ್ಲವೂ ನಿಂತಿತು. ಆಗ ಡಾಕ್ಟರು ಕೇಳಿದರು.

"ಅತ್ತಿಗೆ, ಎಷ್ಟು ಲ್ಯಾಪ್ ಆಯ್ತು?"

"ಹದಿಮೂರು."

"ಹಾಗಾದ್ರೆ ಇವನು ಗೆದ್ದಿಲ್ಲ ಬಿಡಿ."

ಮುಂದಿನ ಸೀಟಿನಲ್ಲಿ ನಮ್ಮವರ ಭುಜ ಅಲುಗಿತು. ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಅವತ್ತೇ ಆಪರೇಷನ್ ಆಯಿತು. ಕಣ್ಣು ಉಳಿಯುತ್ತದೆ, ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ, ಇನ್ನೊಂದು ಆಪರೇಷನ್ ಬೇಕಾಗಬಹುದು, ಕಾಯಬೇಕು ಎಂದರು. ಒಂದೇ ಕಣ್ಣಿನಲ್ಲಿ ಎಷ್ಟೋ ಕೆಲಸ ಮಾಡಬಹುದು. ಆದರೆ ಹಲ್ಲಿನೊಳಗೆ ಕೂದಲೆಳೆಯಷ್ಟು ಜಾಗದಲ್ಲಿ ಆಳ ನೋಡಿ ಸೂಜಿ ಇಳಿಸುವ ಕೆಲಸಕ್ಕೆ ಎರಡೂ ಕಣ್ಣು ಬೇಕು. ಯಡಿಯೂರಿನ ಕ್ಲಿನಿಕ್ಕಿನ ಬಾಗಿಲಿಗೆ, ಸದ್ಯಕ್ಕೆ ಡಾಕ್ಟರು ಸಿಗುವುದಿಲ್ಲ ಎಂಬ ಚೀಟಿ ಬಿತ್ತು.

ಡಾಕ್ಟರು ಮನೆಗೆ ಬಂದ ಮೇಲೆ ನೋಡಲು ಹೋದಾಗ, ಆ ಟೈರು ತಂದಿದ್ದೀಯಾ ಎಂದು ಅವರು ನಮ್ಮವರನ್ನು ಕೇಳಿದರು. ಟೈರು ಮತ್ತು ರಿಮ್ಮು ವ್ಯಾನಿನಲ್ಲೇ ಬಿದ್ದಿದ್ದವು. ತಂದುಕೊಟ್ಟಾಗ ಅವರು ಬೆರಳ ತುದಿಯಿಂದ ಅಂಚನ್ನು ಸುತ್ತಲೂ ಸವರಿ ನೋಡಿದರು. ರಬ್ಬರಿನ ಸಣ್ಣ ಪಟ್ಟಿಯೊಂದು ರಿಮ್ಮಿಗೆ ಇನ್ನೂ ಅಂಟಿಕೊಂಡಿತ್ತು.

"ಅಂಟು ಬಿಟ್ಟಿಲ್ಲ ಕಣೋ. ರಬ್ಬರೇ ಹರಿದಿದೆ. ನೋಡು."

ತಮ್ಮ ಕೆಲಸ ಕೆಟ್ಟಿರಲಿಲ್ಲ ಎಂಬ ಸಮಾಧಾನದಲ್ಲಿ ಹೇಳಿದ ಮಾತು ಅದು. ಚುಚ್ಚುವುದಕ್ಕಲ್ಲ. ಆದರೆ ನಮ್ಮವರು ಎದ್ದು ವರಾಂಡಕ್ಕೆ ಹೋದರು. ಅಂಟು ಬಿಡದಿದ್ದರೆ ಉಳಿಯುವುದು ಮೆತ್ತನೆ ರಬ್ಬರು, ಬಿಸಿಲು, ಎರಡು ಹಲ್ಲು ಹೆಚ್ಚಿನ ಗಿಯರು. ಬಿಸಿಲೊಂದನ್ನು ಬಿಟ್ಟರೆ ಉಳಿದೆರಡೂ ಅವರ ಕೈಯಿಂದಲೇ ಆದವು.

ಅಂದಿನಿಂದ ನಮ್ಮ ಮನೆಯಲ್ಲಿ ನಿದ್ದೆ ಎಂಬುದು ಹೋಯಿತು. ಅವರು ಮಲಗುತ್ತಿದ್ದರು, ಸ್ವಲ್ಪ ಹೊತ್ತಿಗೆ ಬಲಗೈಯ ತೋರುಬೆರಳು ಮಡಚಿ ಬಿಗಿಯುತ್ತಿತ್ತು, ಬೆವರಿ ಏಳುತ್ತಿದ್ದರು. ರಿಮೋಟಿನಲ್ಲಿ ಆ ಬೆರಳಿಗೆ ಸಿಗುವ ಕೀಲನ್ನು ಎಳೆದರೆ ಕಾರು ಓಡುತ್ತದೆ, ಬಿಟ್ಟರೆ ಮೋಟಾರಿಗೆ ಕರೆಂಟು ನಿಲ್ಲುತ್ತದೆ. ಒಂದು ದಿನ ಅವರಾಗಿಯೇ ಹೇಳಿದರು.

"ನಾನು ಬಿಡಲಿಲ್ಲ ಅನ್ಸತ್ತೆ ಕಣೆ. ಅವನು ಬಗ್ಗಿದ್ದು ನೋಡ್ದೆ. ನೋಡಿದ್ಮೇಲೂ ಎಳೀತಾನೇ ಇದ್ದೆ ಅನ್ಸತ್ತೆ."

ನಾನು ಹಾಗಲ್ಲ ಎಂದೆ. ಹಾಗಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಬರುತ್ತಿದ್ದುದು ದಪ್ಪಗಾದ ಟೈರು, ಬಿಳಿ ಅಂಗಿ, ಹದಿನಾಲ್ಕು. ಅವರ ಬೆರಳನ್ನು ನಾನು ನೋಡಿರಲಿಲ್ಲ. ಎಣಿಸುವವಳು ಕಾರನ್ನಲ್ಲದೆ ಇನ್ನೇನನ್ನು ನೋಡಿಯಾಳು?

ಡಾಕ್ಟರ ಹೆಂಡತಿಯೂ ಅದನ್ನೇ ಕೇಳಿದಳು. ಎರಡನೇ ಆಪರೇಷನ್ನಿನ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿಕೊಡುತ್ತಾ.

"ಅಕ್ಕ, ನೀವೊಬ್ರೇ ನೋಡಿದ್ದಂತೆ. ನಿಮ್ಮೋರು ಕಾರು ನಿಲ್ಲಿಸೋಕೆ ನೋಡಿದ್ರಾ?"

ಗೊತ್ತಾಗಲಿಲ್ಲ ಕಣಮ್ಮ ಎಂದೆ. ನಿಜವನ್ನೇ ಹೇಳಿದ್ದೆ. ಅವಳು ತಲೆಯಾಡಿಸಿ ಲೋಟ ಕೈಗಿಟ್ಟಳು. ಅದಾದ ಮೇಲೆ ನಮ್ಮಿಬ್ಬರ ಮಾತು ಕಡಿಮೆಯಾಯಿತು.

ಆ ಕಣ್ಣಿಗೆ ಕೊನೆಗೆ ಬೆಳಕು ಬಂತು, ಆಕಾರ ಬಂತು. ಎದುರು ಹಿಡಿದ ಕೈ ಕಾಣುತ್ತದೆ, ಬೆರಳುಗಳು ಒಂದರೊಳಗೊಂದು ಕರಗುತ್ತವೆ. ಇಷ್ಟೇ ಎಂದರು ಆಸ್ಪತ್ರೆಯವರು. ಡಾಕ್ಟರು ದಂತ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದರು. ಕ್ಲಿನಿಕ್ಕಿನ ದೊಡ್ಡ ಕುರ್ಚಿಯನ್ನು ಶ್ರೀನಗರದ ಹೊಸ ಡಾಕ್ಟರೊಬ್ಬರು ಲಾರಿಯಲ್ಲಿ ಹಾಕಿಕೊಂಡು ಹೋದರು. ನಾವು ಟೈರು ಹಿಡಿದು ಕಾಯುತ್ತಿದ್ದ ಬೆಂಚು ಕೆಲವು ದಿನ ಫುಟ್‌ಪಾತಿನ ಮೇಲಿತ್ತು. ಆ ದಾರಿಯಲ್ಲಿ ಹೋಗುವುದನ್ನು ನಮ್ಮವರು ಬಿಟ್ಟರು.

ಅದಾಗಿ ಸ್ವಲ್ಪ ಕಾಲಕ್ಕೆ, ಬೇಸಿಗೆಯ ಒಂದು ಬೆಳಗ್ಗೆ, ನಾನು ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದೆ. ಕರೆಂಟು ಹೋಯಿತು. ಮಿಕ್ಸಿಯ ಅರಚಾಟ ನಿಂತಿತು. ಜಾರಿನೊಳಗೆ ಚಟ್ನಿ ಮಾತ್ರ ಇನ್ನೂ ತಿರುಗುತ್ತಿತ್ತು, ಸದ್ದಿಲ್ಲದೆ, ಒಂದೆರಡು ಕ್ಷಣ.

ನಾನು ಅದನ್ನೇ ನೋಡುತ್ತಾ ನಿಂತೆ. ಆಮೇಲೆ ಒಲೆ ಆರಿಸಿ ನೆಲದ ಮೇಲೆ ಕೂತೆ. ಅಷ್ಟು ದಿನ ನಾನು ಆ ಓಟವನ್ನು ಕಣ್ಣಿನಿಂದ ಮಾತ್ರ ನೆನೆಯುತ್ತಿದ್ದೆ. ಕಿವಿಯಿಂದ ನೆನೆದಿರಲಿಲ್ಲ. ಈಗ ಕೇಳಿಸಿತು. ಕಾರು ಓಲಾಡಿದ ಕೂಡಲೇ ಅದರ ಕೀರಲು ಕತ್ತರಿಸಿದಂತೆ ನಿಂತಿತ್ತು. ಡಾಕ್ಟರ ಬೆನ್ನು ಹತ್ತಿರವಾಗುವಾಗ ಸದ್ದೇ ಇರಲಿಲ್ಲ. ಅಂದರೆ ನಮ್ಮವರು ಬೆರಳು ಬಿಟ್ಟಿದ್ದರು. ತಡ ಮಾಡದೆ ಬಿಟ್ಟಿದ್ದರು. ಅಷ್ಟು ವೇಗದಲ್ಲಿದ್ದ ಕಾರು ಕರೆಂಟಿಲ್ಲದೆಯೂ ಜಾರಿಕೊಂಡು ಬಂದಿತ್ತು. ಬೆನ್ನು ತಿರುಗಿಸಿ ಕಿವಿಯನ್ನೇ ನಂಬಿ ನಿಂತವರಿಗೆ, ಸದ್ದಿಲ್ಲದ ಕಾರು ಇಲ್ಲದ ಕಾರೇ.

ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬೆರಳು ಬಿಡದಿದ್ದರೆ ಡಾಕ್ಟರಿಗೆ ಕೇಳಿಸುತ್ತಿತ್ತು, ಪಕ್ಕಕ್ಕೆ ಸರಿಯುತ್ತಿದ್ದರು. ಗೆಳೆಯನನ್ನು ಉಳಿಸಲು ಮಾಡಿದ್ದೇ ಗೆಳೆಯನಿಗೆ ಮುಳುವಾಗಿತ್ತು. ಇದನ್ನು ನಮ್ಮವರಿಗೆ ಹೇಗೆ ಹೇಳುವುದು ಎಂದು ಶಾಲೆಯಲ್ಲಿ ದಿನವಿಡೀ ಯೋಚಿಸಿದೆ. ಇಬ್ಬರಿಗೂ ಒಟ್ಟಿಗೆ ಹೇಳುವುದೇ ಸರಿ ಎನ್ನಿಸಿತು. ಸಂಜೆ, ಡಾಕ್ಟರ ಮನೆಗೆ ಹೋಗೋಣ ನಡೀರಿ ಎಂದೆ. ನಮ್ಮವರು ಚಪ್ಪಲಿ ಹಾಕಿಕೊಂಡರು.

ನಾನು ಹೇಳುವಾಗ ಡಾಕ್ಟರ ಹೆಂಡತಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. ಮೋಟಾರಿನ ಸದ್ದು ನಿಂತದ್ದು ಕಾರು ಓಲಾಡಿದಾಗಲೋ, ಹಾರಿದಾಗಲೋ ಎಂದು ಡಾಕ್ಟರು ಎರಡು ಸಲ ಕೇಳಿದರು. ಓಲಾಡಿದಾಗಲೇ ಎಂದೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಬೆನ್ನು ತಿರುಗಿಸಿ ನಿಂತು ಗಿಯರು ಹೇಳುವಾಗ ಹಾಗೇ ಮುಚ್ಚಿಕೊಳ್ಳುತ್ತಿದ್ದರು.

"ಅದಕ್ಕೇ ಕೇಳಿಸಲಿಲ್ಲ. ನಾನು ನನ್ನ ಕಿವಿಯೇ ಕೈ ಕೊಡ್ತು ಅಂದ್ಕೊಂಡಿದ್ದೆ ಗುರು. ಅವತ್ತಿಂದ ರೋಡ್ ದಾಟೋಕೂ ಭಯ."

ನಮ್ಮವರು ತಲೆ ತಗ್ಗಿಸಿಯೇ ಕೂತಿದ್ದರು. "ಎಳೀತಾ ಇದ್ದಿದ್ರೆ ನಿಂಗೆ ಕೇಳಿಸ್ತಿತ್ತು" ಎಂದರು.

"ಕೇಳಿಸ್ತಿತ್ತು."

ಡಾಕ್ಟರು ಕಣ್ಣು ತೆರೆದು ನಮ್ಮವರ ಕಡೆ ತಿರುಗಿದರು.

"ನಾನು ತಿರುಗಿ ನೋಡ್ಬೇಕಿತ್ತು ಕಣೋ" ಎಂದರು ಡಾಕ್ಟರು. "ನೀನು ಬಿಟ್ಟೆ. ಬಿಡದೆ ಇನ್ನೇನು ಮಾಡ್ತಿದ್ದೆ? ನಾನಾಗಿದ್ರೂ ಬಿಡ್ತಿದ್ದೆ."

ಡಾಕ್ಟರ ಹೆಂಡತಿ ಎದ್ದು ಒಳಗೆ ಹೋದಳು. ಅಳಲು ಹೋದಳೇನೋ ಅಂದುಕೊಂಡೆ. ಈರುಳ್ಳಿ ಹೆಚ್ಚುವ ಸದ್ದು ಕೇಳಿಸಿತು. ಊಟ ಮಾಡ್ಕೊಂಡೇ ಹೋಗಿ ಅಕ್ಕ ಎಂದು ಅಲ್ಲಿಂದಲೇ ಹೇಳಿದಳು. ಖಾರಾಬಾತ್ ಮಾಡಿದ್ದಳು. ತಟ್ಟೆ ಮುಂದೆ ಬಂದಾಗ ನಾಲ್ವರೂ ಒಬ್ಬರನ್ನೊಬ್ಬರು ನೋಡಿದೆವು, ಆಮೇಲೆ ತಿಂದೆವು.

ಆ ಕಣ್ಣು ಇಂದಿಗೂ ಅಷ್ಟೇ. ಡಾಕ್ಟರು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ, ಲೋಟಕ್ಕೆ ನೀರು ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಳ್ಳುತ್ತಾರೆ. ಆರನೇ ಹಂತದ ಆ ರಸ್ತೆಯ ಎರಡೂ ಬದಿಗೆ ಈಗ ಮನೆಗಳು, ಮನೆಗಳ ಮುಂದೆ ನಿಜವಾದ ಕಾರುಗಳು. ಬ್ಯಾಟರಿ ಕಾರೊಂದು ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಹಾದುಹೋದರೆ ನಾನು ಈಗಲೂ ನಿಂತು ಹಿಂದೆ ತಿರುಗಿ ನೋಡುತ್ತೇನೆ. ಟೈರು ಬದಲಿಸಿದ್ದರೆ, ಚಿಕ್ಕ ಗಿಯರು ಇದ್ದಿದ್ದರೆ, ಆ ಜೋಕು ಹುಟ್ಟದಿದ್ದರೆ ಎಂದು ಒಂದೊಂದನ್ನೇ ತೆಗೆದು ನೋಡುತ್ತೇನೆ. ಯಾವುದೊಂದನ್ನು ತೆಗೆದರೂ ಆ ಕಣ್ಣು ಉಳಿಯುತ್ತದೆ. ನನ್ನ ಬಾಯಿಂದ ಸಂಖ್ಯೆಯ ಬದಲು ಅವರ ಹೆಸರು ಬಂದಿದ್ದರೂ ಉಳಿಯುತ್ತಿತ್ತೋ ಏನೋ.

ಖಾರಾಬಾತ್ ತಿಂದ ಆ ರಾತ್ರಿ ಮನೆಗೆ ಬಂದು ನಮ್ಮವರು ಬಾಗಿಲ ಚಿಲಕ ಹಾಕಿ, ಬಟ್ಟೆಯನ್ನೂ ಬದಲಿಸದೆ ಮಲಗಿದರು. ನಾನು ಸ್ವಲ್ಪ ಹೊತ್ತು ಅವರ ಬಲಗೈಯನ್ನೇ ನೋಡುತ್ತಾ ಕೂತಿದ್ದೆ. ಬೆರಳುಗಳು ಬಿಚ್ಚಿಕೊಂಡೇ ಇದ್ದವು. ಯಾವಾಗ ಮಲಗಿದೆನೋ ಗೊತ್ತಿಲ್ಲ. ಎದ್ದಾಗ ಶಾಲೆಯ ಹೊತ್ತು ಮೀರಿತ್ತು, ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ಟಿನ ಮೇಲೆ ಬಿಸಿಲು ಬಿದ್ದಿತ್ತು, ಅವರಿಗಿನ್ನೂ ಎಚ್ಚರವಾಗಿರಲಿಲ್ಲ.